ಮಗು ವಯಸ್ಸಿಗೆ ಮೀರಿ ಬೆಳೆದರೆ

ಬೆಂಗಳೂರಿನ ಬಳೇಪೇಟೆಯಲ್ಲಿ ಮಗುವಿಗೆ ಬಳೆ ಕೇಳಿದರೆ ಅಂಗಡಿಯವರು ಮೊದಲು ವಿಚಾರಿಸುವುದು ವಯಸ್ಸು. ‘ಎರಡು ತುಂಬಿತು’ ಎಂದರೆ ಆ ಅಂದಾಜಿನ ಡಬ್ಬಿ ಕೆಳಗಿಳಿಯುತ್ತದೆ. ಸೈಜಿನ ಲೆಕ್ಕ ಇಂಚಿನ ಹದಿನಾರನೇ ಭಾಗಗಳಲ್ಲಿ. ಒಂದು-ಹನ್ನೆರಡು ಎಂದರೆ ಒಂದು ಇಂಚು, ಅದರ ಮೇಲೆ ಹದಿನಾರರಲ್ಲಿ ಹನ್ನೆರಡು ಭಾಗ. ಅಲ್ಲಿಗೆ ಒಂದೂಮುಕ್ಕಾಲು ಇಂಚು. ಅದು ಏರದಿದ್ದರೆ ಒಂದು-ಹದಿನಾಲ್ಕು, ಆಮೇಲೆ ಎರಡು. ವಯಸ್ಸಿಗೆ ಹೇಳಿದ ಸೈಜು ಸಾಲದೆ ಮುಂದಿನದನ್ನು ತೆಗೆಸಿದಾಗ ಜೊತೆಗಿರುವ ಅಜ್ಜಿಗೆ ಒಳಗೊಳಗೇ ಹಿಗ್ಗು. ‘ನಮ್ಮ ಮಗು ಮೈಕೈ ತುಂಬ್ಕೊಂಡಿದೆ’ ಎನ್ನುತ್ತಾರೆ. ಕಣ್ಣು ತಾಕದಿರಲೆಂದು ಅಲ್ಲೇ ಒಂದು ಜೊತೆ ಕರಿಮಣಿ ಬಳೆಯನ್ನೂ ಕೊಳ್ಳುತ್ತಾರೆ.

ಹಿಗ್ಗುವುದರಲ್ಲಿ ತಪ್ಪಿಲ್ಲ. ಗುಂಡುಗುಂಡಾದ ಮಕ್ಕಳು, ಉದ್ದುದ್ದ ಬೆಳೆಯುವ ಮಕ್ಕಳು ಬಹುಪಾಲು ಆರೋಗ್ಯವಂತರೇ. ಆದರೆ ಕೆಲವೇ ಕೆಲವು ಮಕ್ಕಳಲ್ಲಿ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಜೀನ್‌ಗಳಲ್ಲೇ ಬದಲಾವಣೆಯಾಗಿರುತ್ತದೆ. ದೇಹವೆಲ್ಲವೋ, ಒಂದು ಭಾಗ ಮಾತ್ರವೋ ಅಳತೆ ಮೀರಿ ಬೆಳೆಯುತ್ತದೆ. ವೈದ್ಯರು ಇದನ್ನು ಓವರ್‌ಗ್ರೋತ್ ಸಿಂಡ್ರೋಮ್ ಎನ್ನುತ್ತಾರೆ. ನಾವಿಲ್ಲಿ ಅತಿಬೆಳವಣಿಗೆ ಎನ್ನೋಣ. ತೂಕ ಕಡಿಮೆಯಾದ ಮಗುವನ್ನು ಅಂಗನವಾಡಿಯಲ್ಲಿ ಗುರುತಿಸುತ್ತಾರೆ, ಮೊಟ್ಟೆ ಕೊಡುತ್ತಾರೆ, ಮನೆಗೆ ಬಂದು ವಿಚಾರಿಸುತ್ತಾರೆ. ಹೆಚ್ಚು ಬೆಳೆದ ಮಗುವನ್ನು ಯಾರೂ ವಿಚಾರಿಸುವುದಿಲ್ಲ. ಹೊಗಳಿಕೆಯ ನಡುವೆ ಗುರುತುಗಳು ಮರೆಯಾಗುತ್ತವೆ.

ಈ ಲೇಖನ ವೈದ್ಯರಿಗಲ್ಲ. ಹೊಸ ತಂದೆತಾಯಿ, ಅಜ್ಜಿ-ತಾತ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ನರ್ಸರಿ ಟೀಚರುಗಳು, ಇವರಿಗಾಗಿ. ಹೇಳಬೇಕಾದದ್ದು ಒಂದೇ ಮಾತು: ಈ ಸ್ಥಿತಿಗಳಲ್ಲಿ ರೋಗದ ಹೆಸರು ಗೊತ್ತಾದರೆ ಏನನ್ನು ಕಾಯಬೇಕು, ಎಷ್ಟು ವರ್ಷ ಕಾಯಬೇಕು ಎಂಬುದು ಗೊತ್ತಾಗುತ್ತದೆ. ಆ ಹೆಸರಿನ ಕಡೆಗೆ ಹೋಗುವ ದಾರಿ ಶುರುವಾಗುವುದು ಅಳತೆಯಿಂದ.

ಎಷ್ಟಾದರೆ ಹೆಚ್ಚು?

ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ನಕ್ಷೆ ಇರುತ್ತದೆ, ಬಾಗಿದ ಗೆರೆಗಳಿರುವ ಪುಟ. ಅದಕ್ಕೆ ಆಧಾರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡ. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆಗೆ ಭಾರತದ ಮಕ್ಕಳನ್ನೂ ಅಳೆದು ಅದನ್ನು ಮಾಡಿದರು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಐದು ವರ್ಷದ ಮೇಲಿನ ಮಕ್ಕಳಿಗೆ ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಪ್ರಕಟಿಸಿದ ನಕ್ಷೆಗಳಿವೆ.

ಡಾಕ್ಟರು ‘97ನೇ ಪರ್ಸೆಂಟೈಲ್’ ಎಂದರೆ ಗಾಬರಿಯಾಗಬೇಡಿ. ಅದೇ ವಯಸ್ಸಿನ ನೂರು ಆರೋಗ್ಯವಂತ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯ ಮೂವರು ಆ ಗೆರೆಯ ಮೇಲಿರುತ್ತಾರೆ, ಅಷ್ಟೆ. ಆ ಮೂವರಲ್ಲಿ ಹೆಚ್ಚಿನವರು ಎತ್ತರದ ಅಪ್ಪ-ಅಮ್ಮನ ಎತ್ತರದ ಮಕ್ಕಳು. ಗಮನ ಬೇಕಾದದ್ದು ಮೂರು ಸಂಗತಿಗಳಿಗೆ. ಮಗುವಿನ ಉದ್ದ ಅಥವಾ ತಲೆಯ ಸುತ್ತಳತೆ ಆ ಗೆರೆಯನ್ನು ಬಹಳ ಮೀರಿದೆಯೇ? ತನ್ನ ಗೆರೆಯಲ್ಲಿ ಸಾಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೇಲಿನ ಗೆರೆಗಳನ್ನು ದಾಟುತ್ತಿದೆಯೇ? ಬೆಳವಣಿಗೆಯ ಜೊತೆಗೆ ಬೇರೆ ಗುರುತುಗಳೂ ಇವೆಯೇ, ಅಂದರೆ ನಾಲಿಗೆ ದೊಡ್ಡದು, ಒಂದು ಕಾಲು ದಪ್ಪ, ನಡಿಗೆ-ಮಾತು ತಡ, ಈ ಥರದವು?

ಹೋಲಿಸಿ ನೋಡಲು ಒಂದಿಷ್ಟು ಸಂಖ್ಯೆಗಳು ನೆನಪಿನಲ್ಲಿರಲಿ. ದಿನ ತುಂಬಿ ಹುಟ್ಟಿದ ಮಗುವಿನ ಉದ್ದ ಸುಮಾರು 50 ಸೆಂಟಿಮೀಟರ್, ತಲೆಯ ಸುತ್ತಳತೆ ಸುಮಾರು 34. ಮೊದಲ ವರ್ಷ ಮಗು ಸುಮಾರು 25 ಸೆಂಟಿಮೀಟರ್ ಉದ್ದವಾಗುತ್ತದೆ, ಎರಡನೇ ವರ್ಷ ಅದರ ಅರ್ಧ. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟಾಗುತ್ತದೆ.

ಮೊದಲು ಸಾಮಾನ್ಯ ಕಾರಣಗಳು

ಹುಟ್ಟುವಾಗಲೇ ನಾಲ್ಕು ಕಿಲೋ ದಾಟಿದ ಮಗು ಎಂದರೆ ವೈದ್ಯರು ಮೊದಲು ನೋಡುವುದು ತಾಯಿಯ ಸಕ್ಕರೆ ಕಾಯಿಲೆಯನ್ನು. ಬಸುರಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಮಗುವಿಗೂ ಹರಿಯುತ್ತದೆ, ಮಗುವಿನ ದೇಹ ಇನ್ಸುಲಿನ್ ಹೆಚ್ಚಿಸುತ್ತದೆ, ಮಗು ದಪ್ಪವಾಗುತ್ತದೆ. ನಮ್ಮಲ್ಲಿ ದೊಡ್ಡ ಮಗು ಹುಟ್ಟಲು ಜೀನ್ ಬದಲಾವಣೆಗಿಂತ ಇದೇ ಎಷ್ಟೋ ಪಾಲು ಹೆಚ್ಚಿನ ಕಾರಣ. ಆಮೇಲಿನ ವರ್ಷಗಳಲ್ಲಿ ಮಗು ವಿಪರೀತ ಬೆಳೆದರೆ ಮನೆತನದ ಎತ್ತರ, ಬೊಜ್ಜು, ಬೇಗ ಶುರುವಾಗುವ ಪ್ರೌಢತೆ, ಥೈರಾಯ್ಡ್ ಏರುಪೇರು, ಅಪರೂಪಕ್ಕೆ ಬೆಳವಣಿಗೆಯ ಹಾರ್ಮೋನಿನ ಹೆಚ್ಚಳ, ಇವನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಇವು ಯಾವುವೂ ಹೊಂದದಿದ್ದಾಗ, ಅಥವಾ ಬೇರೆ ಗುರುತುಗಳು ಕಂಡಾಗ ಮಾತ್ರ ಜೀನ್‌ಗಳ ಕಡೆ ತಿರುಗುತ್ತಾರೆ.

ಬೆಕ್‌ವಿತ್–ವೀಡೆಮಾನ್

ಅತಿಬೆಳವಣಿಗೆಯ ಸ್ಥಿತಿಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಹೆಚ್ಚಾಗಿ ಎಂದರೂ ಹತ್ತು ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಒಂದು. ಅಮೆರಿಕದ ಬ್ರೂಸ್ ಬೆಕ್‌ವಿತ್ 1963ರಲ್ಲಿ, ಜರ್ಮನಿಯ ಹಾನ್ಸ್-ರುಡಾಲ್ಫ್ ವೀಡೆಮಾನ್ 1964ರಲ್ಲಿ ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ಇಬ್ಬರ ಹೆಸರೂ ಉಳಿಯಿತು.

ಮಗು ಹುಟ್ಟಿದಾಗಲೇ ದೊಡ್ಡದಾಗಿರಬಹುದು. ನಾಲಿಗೆ ಬಾಯಿಯಲ್ಲಿ ಹಿಡಿಸದೆ ಹೊರಗೆ ಕಾಣುತ್ತಿರುತ್ತದೆ. ಕೆಲವು ಮಕ್ಕಳಿಗೆ ಹೊಕ್ಕುಳು ಉಬ್ಬಿರುತ್ತದೆ. ತೀವ್ರವಾದರೆ ಕರುಳಿನ ಭಾಗ ಹೊಕ್ಕುಳಬಳ್ಳಿಯ ಬುಡದಲ್ಲಿ ಚೀಲದಂತೆ ಹೊರಬಂದಿರುತ್ತದೆ, ಅದಕ್ಕೆ ಹುಟ್ಟಿದೊಡನೆ ಶಸ್ತ್ರಚಿಕಿತ್ಸೆ ಬೇಕು. ಕಿವಿಹಾಲೆಯ ಮೇಲೆ ಗೀರಿದಂಥ ಗೆರೆ, ಕಿವಿಯ ಹಿಂಭಾಗದಲ್ಲಿ ಸಣ್ಣ ಗುಳಿ. ಕಿವಿ ಚುಚ್ಚಿಸುವ ದಿನ ಮಗುವಿನ ಕಿವಿಯನ್ನು ಎಲ್ಲರೂ ಹತ್ತಿರದಿಂದ ನೋಡುತ್ತಾರಲ್ಲ, ಆಗ ಕಣ್ಣಿಗೆ ಬೀಳುವಂಥ ಗುರುತು ಇದು. ದೇಹದ ಒಂದು ಪಕ್ಕ ಇನ್ನೊಂದಕ್ಕಿಂತ ದೊಡ್ಡದಿರಬಹುದು. ಬಲಗೈಗೆ ಸರಿಯಾದ ಬಳೆ ಎಡಗೈಗೆ ಏರುವುದೇ ಇಲ್ಲ ಎಂದರೆ ಅದನ್ನು ‘ಎಡಗೈ ಲಕ್ಷ್ಮಿ’ ಎಂದು ನಗುತ್ತ ಬಿಟ್ಟುಬಿಡಬೇಡಿ. ಎರಡು ಕೈಯನ್ನೂ ಟೇಪಿನಿಂದ ಅಳೆದು ಬರೆದಿಡಿ. ಎಲ್ಲ ಗುರುತುಗಳೂ ಒಂದೇ ಮಗುವಿನಲ್ಲಿ ಇರಬೇಕೆಂದಿಲ್ಲ. ಕೆಲವರಲ್ಲಿ ಕಾಣುವುದು ಒಂದೆರಡು ಮಾತ್ರ.

ಇಲ್ಲಿ ಮೊದಲ ಎಚ್ಚರ ಬೇಕಾದದ್ದು ಹುಟ್ಟಿದ ಮೊದಲ ದಿನಗಳಲ್ಲಿ. ಇಂಥ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟು ಮಕ್ಕಳಿಗೆ ರಕ್ತದ ಸಕ್ಕರೆ ಇಳಿಯುತ್ತದೆ. ಮೈ ನಡುಗುವುದು, ಹಾಲು ಕುಡಿಯಲು ಒಲ್ಲೆನ್ನುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಇವು ಸೂಚನೆಗಳು. ಸಕ್ಕರೆ ಬಹಳ ಹೊತ್ತು ಇಳಿದೇ ಇದ್ದರೆ ಮಿದುಳಿಗೆ ಪೆಟ್ಟಾಗುತ್ತದೆ. ‘ದಪ್ಪ ಮಗು, ಅದಕ್ಕೇನು ಹಸಿವು’ ಎಂಬ ಮಾತು ಈ ಮಕ್ಕಳ ವಿಷಯದಲ್ಲಿ ಅಪಾಯಕಾರಿ.

ಎರಡನೆಯ ಎಚ್ಚರ ವರ್ಷಗಟ್ಟಲೆ ಬೇಕು. ಈ ಮಕ್ಕಳಲ್ಲಿ ಕೆಲವರಿಗೆ ಮೂತ್ರಪಿಂಡದಲ್ಲಿ ವಿಲ್ಮ್ಸ್ ಗಡ್ಡೆ, ಯಕೃತ್ತಿನಲ್ಲಿ ಹೆಪಟೋಬ್ಲಾಸ್ಟೋಮಾ ಎಂಬ ಗಡ್ಡೆ ಬರಬಹುದು. ಒಟ್ಟಾರೆ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಗಡ್ಡೆ ಬರುತ್ತದೆ; ಉಳಿದವರಿಗೆ ಬರುವುದಿಲ್ಲ. ಬಂದರೂ ಬಹುತೇಕ ಮೊದಲ ಏಳೆಂಟು ವರ್ಷದೊಳಗೆ. ಆದ್ದರಿಂದ ಆ ವಯಸ್ಸಿನವರೆಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡುತ್ತಾರೆ. ಅಮೆರಿಕದಲ್ಲಿ ಇದರ ಜೊತೆಗೆ ಮೊದಲ ಕೆಲವು ವರ್ಷ ಎಎಫ್‌ಪಿ ಎಂಬ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ. ಯುರೋಪಿನ ನೇತೃತ್ವದಲ್ಲಿ 2018ರಲ್ಲಿ ರೂಪುಗೊಂಡ ಒಮ್ಮತದ ಸಲಹೆಯ ದಾರಿ ಸ್ವಲ್ಪ ಬೇರೆ: ಜೀನ್ ಪರೀಕ್ಷೆಯಲ್ಲಿ ಯಾವ ಬಗೆ ಎಂದು ತಿಳಿದು, ಅಪಾಯ ಹೆಚ್ಚಿರುವ ಬಗೆಯವರಿಗೆ ಸ್ಕ್ಯಾನ್. ನಿಮ್ಮ ವೈದ್ಯರು ಯಾವ ಕ್ರಮ ಹಿಡಿದಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ವಿಲ್ಮ್ಸ್ ಗಡ್ಡೆಯನ್ನು ಎಷ್ಟೋ ಸಲ ಮೊದಲು ಕಂಡುಹಿಡಿಯುವುದು ಮನೆಯವರ ಕೈ. ಎಣ್ಣೆ ಹಚ್ಚಿ ನೀರು ಹಾಕುವಾಗ ಹೊಟ್ಟೆಯ ಒಂದು ಪಕ್ಕ ಗಟ್ಟಿಯಾಗಿ ಸಿಕ್ಕಿದರೆ ಪದೇಪದೇ ಒತ್ತಿ ನೋಡಬೇಡಿ, ನೀವಬೇಡಿ, ಅದೇ ದಿನ ಆಸ್ಪತ್ರೆಗೆ ಹೊರಡಿ. ಚಿಕ್ಕದಿರುವಾಗಲೇ ಸಿಕ್ಕಿದ ಗಡ್ಡೆ ಗುಣವಾಗುವ ಸಾಧ್ಯತೆ ತುಂಬ ಹೆಚ್ಚು. ಸ್ಕ್ಯಾನ್ ಮಾಡಿಸುವುದೂ ಕೈಗೆ ಸಿಗುವ ಮೊದಲೇ ಅದು ಕಾಣಲಿ ಎಂದೇ.

ನಾಲಿಗೆಯ ವಿಷಯ. ಬಾಯಿ ಬೆಳೆದಂತೆ ಅನೇಕರಿಗೆ ನಾಲಿಗೆ ಒಳಗೆ ಹಿಡಿಸುತ್ತದೆ. ಹಾಲು ಕುಡಿಯಲು ಕಷ್ಟವಾದರೆ, ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬಂದರೆ, ಕೆಳದವಡೆ ಮುಂದೆ ಬರತೊಡಗಿದರೆ ನಾಲಿಗೆ ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಇದೆ. ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯರಿಗೆ ಮಗುವಿನ ನಾಲಿಗೆ ದೊಡ್ಡದೆಂದು ನೀವೇ ಹೇಳಬೇಕು. ಹೊಕ್ಕುಳು ಉಬ್ಬಿದ್ದರೆ ನಾಣ್ಯವಿಟ್ಟು ಬಟ್ಟೆ ಕಟ್ಟುವ ರೂಢಿಯನ್ನು ಬಿಡಿ. ಅದರಿಂದ ಉಬ್ಬು ಇಳಿಯುವುದಿಲ್ಲ, ಚರ್ಮ ಹುಣ್ಣಾಗುತ್ತದೆ.

ಇನ್ನು ಸಮಾಧಾನದ ಮಾತು. ಏಳೆಂಟು ವರ್ಷದ ಹೊತ್ತಿಗೆ ಈ ಮಕ್ಕಳ ಬೆಳವಣಿಗೆಯ ವೇಗ ಇಳಿಯುತ್ತದೆ. ದೊಡ್ಡವರಾದಾಗ ಹೆಚ್ಚಿನವರ ಎತ್ತರ ಎಲ್ಲರಂತೆಯೇ ಇರುತ್ತದೆ. ಹುಟ್ಟಿದಾಗ ಸಕ್ಕರೆ ಇಳಿದು ತೊಂದರೆಯಾಗಿರದಿದ್ದರೆ ಬುದ್ಧಿಯ ಬೆಳವಣಿಗೆಯೂ ಸಾಮಾನ್ಯವಾಗಿ ಎಲ್ಲರಂತೆಯೇ.

ಅಪ್ಪನ ಪ್ರತಿ, ಅಮ್ಮನ ಪ್ರತಿ

ಇದು ಯಾಕಾಗುತ್ತದೆ? ಸ್ವಲ್ಪ ನಿಧಾನವಾಗಿ ನೋಡೋಣ. ಈ ಕಥೆಯಲ್ಲಿ ಬೆಂಗಳೂರಿನ ಪಾಲೂ ಇದೆ.

ನಮ್ಮ ಜೀವಕೋಶಗಳಲ್ಲಿ 23 ಜೊತೆ ಕ್ರೋಮೋಸೋಮುಗಳು. ಪ್ರತಿ ಜೊತೆಯಲ್ಲಿ ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಹಾಗಾಗಿ ಹೆಚ್ಚುಕಡಿಮೆ ಪ್ರತಿ ಜೀನ್‌ಗೂ ಎರಡು ಪ್ರತಿಗಳು, ಸಾಮಾನ್ಯವಾಗಿ ಎರಡೂ ಕೆಲಸ ಮಾಡುತ್ತವೆ. ಆದರೆ ಮನುಷ್ಯರಲ್ಲಿ ಸುಮಾರು ನೂರು ಜೀನ್‌ಗಳು ಬೇರೆ ಜಾತಿಯವು. ಅವುಗಳಲ್ಲಿ ಕೆಲವಕ್ಕೆ ಅಪ್ಪನಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಕೆಲವಕ್ಕೆ ಅಮ್ಮನಿಂದ ಬಂದದ್ದು ಮಾತ್ರ. ಇನ್ನೊಂದು ಪ್ರತಿಯ ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದರೂ ಅದು ಸುಮ್ಮನಿರುತ್ತದೆ, ಏಕೆಂದರೆ ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗಲೇ ಡಿಎನ್‌ಎ ಮೇಲೆ ಸಣ್ಣ ರಾಸಾಯನಿಕ ಗುರುತೊಂದು ಬಿದ್ದಿರುತ್ತದೆ. ಇದನ್ನು ಇಂಪ್ರಿಂಟಿಂಗ್ ಎನ್ನುತ್ತಾರೆ.

ಇದರ ಸುಳಿವು ಮೊದಲು ಸಿಕ್ಕಿದ್ದು ಕೀಟಗಳಲ್ಲಿ. ದಾಸವಾಳದ ಗಿಡಕ್ಕೆ ಬೆಳ್ಳಗೆ ಹಿಟ್ಟು ಮೆತ್ತಿದಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ ನಿಮಗೆ ಗೊತ್ತಲ್ಲ. ಅದರ ಗಂಡುಗಳಲ್ಲಿ ಅಪ್ಪನಿಂದ ಬಂದ ಕ್ರೋಮೋಸೋಮುಗಳೆಲ್ಲ ಮುದುಡಿಕೊಂಡು ಸುಮ್ಮನಾಗುತ್ತವೆ. ಅಮೆರಿಕದ ಬರ್ಕ್ಲಿಯಲ್ಲಿ ಇದನ್ನು ಅಭ್ಯಾಸ ಮಾಡುತ್ತಿದ್ದವರು ಸ್ಪೆನ್ಸರ್ ಬ್ರೌನ್. ಅವರ ಜೊತೆ ಕೆಲಸ ಮಾಡಿ ಬಂದು, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆನಿಂತವರು ಎಚ್. ಶರತ್ ಚಂದ್ರ. ಇಬ್ಬರೂ ಸೇರಿ 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕ್ರೋಮೋಸೋಮುಗಳ ಇಂಪ್ರಿಂಟಿಂಗ್ ಮತ್ತು ಸಸ್ತನಿಗಳ ಎಕ್ಸ್ ಕ್ರೋಮೋಸೋಮ್ ಕುರಿತು ಬರೆದರು. ಕೀಟಗಳಲ್ಲಿ ಕಂಡ ಸಂಗತಿಯನ್ನು ಸಸ್ತನಿಗಳ ಬಗ್ಗೆ ಯೋಚಿಸಲು ಬಳಸಿದ ಆರಂಭದ ಲೇಖನಗಳಲ್ಲಿ ಅದೊಂದು. 1984ರಲ್ಲಿ ಅಮೆರಿಕದಲ್ಲಿ ಮತ್ತು ಇಂಗ್ಲೆಂಡಿನಲ್ಲಿ ನಡೆದ ಇಲಿಗಳ ಪ್ರಯೋಗ ಸಂಶಯವನ್ನು ನಿವಾರಿಸಿತು. ಎರಡು ಪಾಲೂ ತಾಯಿಯದೇ ಆದ, ಅಥವಾ ಎರಡು ಪಾಲೂ ತಂದೆಯದೇ ಆದ ಭ್ರೂಣ ಪೂರ್ತಿ ಬೆಳೆಯಲಾರದು. ಶರತ್ ಚಂದ್ರ ಅವರೇ ಮುಂದೆ ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವನ್ನು, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅನ್ನು, ಕಟ್ಟಿದರು. ಅದು ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ.

ಈಗ ಬೆಕ್‌ವಿತ್–ವೀಡೆಮಾನ್‌ಗೆ ಬರೋಣ. ನಮ್ಮ 11ನೇ ಕ್ರೋಮೋಸೋಮಿನ ತುದಿಯಲ್ಲಿ ಇಂಥ ಜೀನ್‌ಗಳ ಗುಂಪೊಂದಿದೆ. ಅದರಲ್ಲಿ ಐಜಿಎಫ್2 ಎಂಬುದು ಬೆಳೆಸುವ ಜೀನ್. ಅಪ್ಪನ ಪ್ರತಿ ಮಾತ್ರ ಕೆಲಸ ಮಾಡಬೇಕು. ಸಿಡಿಕೆಎನ್1ಸಿ ಎಂಬುದು ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್. ಅಮ್ಮನ ಪ್ರತಿ ಮಾತ್ರ ಕೆಲಸ ಮಾಡಬೇಕು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಅಮ್ಮನ ಪ್ರತಿಯ ಮೇಲಿರಬೇಕಾದ ರಾಸಾಯನಿಕ ಗುರುತು ಅಳಿಸಿಹೋಗಿ ಕಡಿವಾಣ ಸಡಿಲವಾಗಿರುತ್ತದೆ. ಸುಮಾರು ಐದರಲ್ಲಿ ಒಂದು ಮಗುವಿನಲ್ಲಿ ಆ ತುದಿಯ ಎರಡೂ ಪ್ರತಿಗಳು ಅಪ್ಪನಿಂದಲೇ ಬಂದಿರುತ್ತವೆ: ಬೆಳೆಸುವುದು ಇಮ್ಮಡಿ, ತಡೆಯುವುದು ಇಲ್ಲ. ಮಿಕ್ಕವರಲ್ಲಿ ಇತರ ಬಗೆಗಳು. ಗಡ್ಡೆಯ ಅಪಾಯ ಬಗೆಯಿಂದ ಬಗೆಗೆ ಬೇರೆ, ಮುಂದಿನ ಮಗುವಿಗೆ ಬರುವ ಸಾಧ್ಯತೆಯೂ ಬೇರೆ. ಆದ್ದರಿಂದ ‘ಬೆಕ್‌ವಿತ್ ಅಂತೆ’ ಎಂಬಷ್ಟಕ್ಕೆ ನಿಲ್ಲದೆ ‘ಯಾವ ಬಗೆ’ ಎಂದು ತಿಳಿಯಬೇಕು. ಸಾಮಾನ್ಯ ಕ್ರೋಮೋಸೋಮ್ ಪರೀಕ್ಷೆಯಲ್ಲಿ ಇದು ಹೆಚ್ಚಾಗಿ ಕಾಣುವುದಿಲ್ಲ; ಆ ರಾಸಾಯನಿಕ ಗುರುತನ್ನೇ ನೋಡುವ ಮಿಥೈಲೇಷನ್ ಪರೀಕ್ಷೆ ಬೇಕು.

ಸೋಟೋಸ್: ಎತ್ತರ ನೋಡಿ ವಯಸ್ಸು ಎಣಿಸಬೇಡಿ

ಹ್ವಾನ್ ಸೋಟೋಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1964ರಲ್ಲಿ ಐದು ಮಕ್ಕಳನ್ನು ವರ್ಣಿಸಿದರು. ತಲೆ ದೊಡ್ಡದು, ಹಣೆ ಅಗಲ, ಗಲ್ಲ ಚೂಪು, ಕೆನ್ನೆ ಕೆಂಪು, ಎತ್ತರ ವಯಸ್ಸಿಗೆ ಮೀರಿದ್ದು, ಕಲಿಕೆ ನಿಧಾನ. ಕಾರಣ ಎನ್‌ಎಸ್‌ಡಿ1 ಎಂಬ ಜೀನ್ ಎಂದು 2002ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಕೊಂಡರು. ಅಂದಾಜು 14,000 ಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ.

ಹಸುಗೂಸಾಗಿದ್ದಾಗ ಈ ಮಕ್ಕಳು ಮೆತ್ತಗೆ, ಸಡಿಲವಾಗಿರುತ್ತಾರೆ. ಕಾಮಾಲೆ, ಹಾಲು ಕುಡಿಯುವ ತೊಂದರೆ ಇರಬಹುದು. ಕತ್ತು ನಿಲ್ಲುವುದು, ಕೂರುವುದು, ನಡೆಯುವುದು, ಮಾತು ತಡ. ಹಲ್ಲು ಮಾತ್ರ ಬೇಗ. ಕೈಯ ಎಕ್ಸ್‌ರೇ ತೆಗೆದರೆ ಮೂಳೆಯ ವಯಸ್ಸು ನಿಜವಾದ ವಯಸ್ಸಿಗಿಂತ ಮುಂದೆ ಇರುತ್ತದೆ. ಕೆಲವರಿಗೆ ಫಿಟ್ಸ್, ಹೃದಯ ಅಥವಾ ಮೂತ್ರಪಿಂಡದ ದೋಷ, ಬೆನ್ನುಮೂಳೆ ಓರೆಯಾಗುವುದು ಕಾಣುತ್ತದೆ. ಗಡ್ಡೆಯ ಅಪಾಯ ಇಲ್ಲಿ ಕಡಿಮೆ, ಹಾಗಾಗಿ ಮೂರು ತಿಂಗಳ ಸ್ಕ್ಯಾನಿನ ಕ್ರಮವನ್ನು ಸಾಮಾನ್ಯವಾಗಿ ಇವರಿಗೆ ಹೇಳುವುದಿಲ್ಲ. ನೋಡಿ, ಎರಡೂ ಮಕ್ಕಳು ದೊಡ್ಡವರೇ. ಒಬ್ಬರಿಗೆ ಹೊಟ್ಟೆಯ ಸ್ಕ್ಯಾನ್ ಮುಖ್ಯ, ಇನ್ನೊಬ್ಬರಿಗೆ ಫಿಸಿಯೋಥೆರಪಿ, ಮಾತಿನ ತರಬೇತಿ, ಶಾಲೆಯ ನೆರವು ಮುಖ್ಯ. ಹೆಸರು ತಿಳಿಯದಿದ್ದರೆ ಒಬ್ಬರಿಗೆ ಬೇಕಾದದ್ದು ತಪ್ಪುತ್ತದೆ, ಇನ್ನೊಬ್ಬರಿಗೆ ಬೇಡದ್ದು ನಡೆಯುತ್ತದೆ.

ಸೋಟೋಸ್ ಮಕ್ಕಳ ಕಷ್ಟದಲ್ಲಿ ದೊಡ್ಡ ಪಾಲು ನಾವು ಕೊಡುವಂಥದ್ದು. ನಾಲ್ಕು ವರ್ಷದ ಮಗು ಆರೇಳು ವರ್ಷದ್ದರಂತೆ ಕಾಣುತ್ತದೆ, ಮಾತನಾಡುವುದು ಮೂರರ ಮಗುವಿನಂತೆ. ಬಸ್ಸಿನಲ್ಲಿ ಟಿಕೆಟ್ ಕೇಳುತ್ತಾರೆ, ವಯಸ್ಸು ಹೇಳಿದರೆ ನಂಬುವುದಿಲ್ಲ. ಮದುವೆ ಮನೆಯಲ್ಲಿ ಅತ್ತು ರಂಪ ಮಾಡಿದರೆ ‘ಇಷ್ಟು ದೊಡ್ಡವನಾಗಿ’ ಎಂದು ಗದರುತ್ತಾರೆ. ತರಗತಿಯಲ್ಲಿ ಎತ್ತರ ನೋಡಿ ಕೊನೆಯ ಬೆಂಚಿನಲ್ಲಿ ಕೂರಿಸುತ್ತಾರೆ, ಅಲ್ಲಿ ಅದಕ್ಕೆ ಪಾಠ ಕೇಳಿಸದು. ಆಟದಲ್ಲಿ ತಳ್ಳಿದರೆ ಚಿಕ್ಕ ಮಕ್ಕಳಿಗೆ ಪೆಟ್ಟು, ತಪ್ಪು ಇದರದ್ದೇ. ಟೀಚರುಗಳಲ್ಲಿ ಕೇಳಿಕೊಳ್ಳುವುದಿಷ್ಟೆ: ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಹುಟ್ಟಿದ ದಿನ ಬರೆದಿಡಿ, ಗದರುವ ಮುಂಚೆ ಅದನ್ನು ನೋಡಿ. ಮುಂದಿನ ಬೆಂಚಿನ ಅಂಚಿನಲ್ಲಿ ಕೂರಿಸಿದರೆ ಹಿಂದಿನವರಿಗೆ ಮರೆಯಾಗುವುದಿಲ್ಲ.

ವೀವರ್, ಸಿಂಪ್ಸನ್–ಗೊಲಾಬಿ–ಬೆಮೆಲ್ ಮುಂತಾಗಿ ಇನ್ನೂ ಹಲವು ಹೆಸರುಗಳಿವೆ. ಕೆಲವು ಸೋಟೋಸ್‌ನಂತೆ, ಕೆಲವು ಬೆಕ್‌ವಿತ್‌ನಂತೆ ಕಾಣುತ್ತವೆ. ಕಣ್ಣಂದಾಜಿನಲ್ಲಿ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ. ಅದಕ್ಕೇ ಜೀನ್ ಪರೀಕ್ಷೆ.

ದೇಹದ ಒಂದು ಭಾಗ ಮಾತ್ರ ಬೆಳೆದಾಗ

ಕಬ್ಬನ್‌ಪೇಟೆಯ ಮಗ್ಗಗಳಲ್ಲಿ ನೇದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಸಿನಲ್ಲೇ ಒಂದು ಎಳೆಯ ಬಣ್ಣ ತಪ್ಪಿದ್ದರೆ ಸೀರೆಯ ಈ ತುದಿಯಿಂದ ಆ ತುದಿಯವರೆಗೂ ಗೆರೆ ಓಡುತ್ತದೆ. ನೇಯುತ್ತ ನೇಯುತ್ತ ನಡುವೆ ಲಾಳಿಯ ಎಳೆ ಬದಲಾದರೆ ಅಲ್ಲಿ ಮಾತ್ರ ಪಟ್ಟೆ ಬೀಳುತ್ತದೆ. ಸೋಟೋಸ್‌ನಲ್ಲಿ ಬದಲಾವಣೆ ಮೊದಲ ಜೀವಕೋಶದಿಂದಲೇ ಇರುವುದರಿಂದ ಅದು ದೇಹದ ಎಲ್ಲ ಕೋಶಗಳಲ್ಲೂ ಇದೆ. ಇನ್ನು ಕೆಲವು ಸ್ಥಿತಿಗಳಲ್ಲಿ ಗರ್ಭ ನಿಂತ ಮೇಲೆ, ಭ್ರೂಣ ಬೆಳೆಯುವಾಗ ಒಂದು ಕೋಶದಲ್ಲಿ ಜೀನ್ ಬದಲಾಗುತ್ತದೆ. ಆ ಕೋಶದಿಂದ ಹುಟ್ಟಿದ ಕೋಶಗಳಿರುವ ಕಡೆ ಮಾತ್ರ ಅತಿಬೆಳವಣಿಗೆ. ಇದನ್ನು ಮೊಸಾಯಿಸಂ ಎನ್ನುತ್ತಾರೆ.

ಪಿಐಕೆ3ಸಿಎ ಎಂಬ ಜೀನ್ ಹೀಗೆ ಬದಲಾದಾಗ ಒಂದು ಬೆರಳು, ಒಂದು ಪಾದ, ಒಂದು ಕಾಲು, ಕೆಲವೊಮ್ಮೆ ಮಿದುಳಿನ ಒಂದು ಪಕ್ಕ ದೊಡ್ಡದಾಗುತ್ತದೆ. ಜೊತೆಗೆ ಕೊಬ್ಬಿನ ಗಂಟು, ಕೆಂಪು ಮಚ್ಚೆ, ಉಬ್ಬಿದ ರಕ್ತನಾಳ ಇರಬಹುದು. 1900ರಿಂದ ಕ್ಲಿಪೆಲ್–ಟ್ರೆನೊನೇ ಎಂದು ಕರೆಸಿಕೊಂಡ ಸ್ಥಿತಿಯ ಬಹುಪಾಲು ಈಗ ಇದೇ ಗುಂಪಿಗೆ ಸೇರಿದೆ. ಎಕೆಟಿ1 ಎಂಬ ಜೀನ್ ಬದಲಾದರೆ ಪ್ರೋಟಿಯಸ್ ಸಿಂಡ್ರೋಮ್. ಅದು ಹತ್ತು ಲಕ್ಷಕ್ಕೆ ಒಬ್ಬರಿಗಿಂತಲೂ ಅಪರೂಪ. ಹುಟ್ಟಿದಾಗ ಮಗು ಸಾಮಾನ್ಯವಾಗಿ ಎಲ್ಲರಂತೆಯೇ ಕಾಣುತ್ತದೆ, ಬೆಳೆದಂತೆ ಮೂಳೆ, ಚರ್ಮ ಅಂಕೆ ಮೀರುತ್ತವೆ. ಕಾರಣ ಗೊತ್ತಾದದ್ದು 2011ರಲ್ಲಿ.

ಇಲ್ಲಿ ಒಂದು ವಿಷಯ ನೆನಪಿಡಿ. ಬದಲಾದ ಜೀನ್ ರಕ್ತದಲ್ಲಿ ಇಲ್ಲದೇ ಇರಬಹುದು. ‘ರಕ್ತಪರೀಕ್ಷೆ ನಾರ್ಮಲ್ ಬಂತು’ ಎಂದು ಅಲ್ಲಿಗೇ ಬಿಡಬಾರದು; ಬೆಳೆದ ಭಾಗದ ಚರ್ಮ ಅಥವಾ ಅಂಗಾಂಶದ ಚೂರನ್ನೇ ಪರೀಕ್ಷಿಸಬೇಕಾಗುತ್ತದೆ. ಆ ಭಾಗಕ್ಕೆ ಹೇಗೂ ಶಸ್ತ್ರಚಿಕಿತ್ಸೆ ನಡೆಯುವುದಿದ್ದರೆ ತೆಗೆದ ಅಂಗಾಂಶವನ್ನು ಜೀನ್ ಪರೀಕ್ಷೆಗೂ ಕಳಿಸಬಹುದೇ ಎಂದು ಮೊದಲೇ ಕೇಳಿ.

ಈ ಗುಂಪಿನಲ್ಲಿ ಹೊಸ ಭರವಸೆಯೊಂದು ಮೂಡಿದೆ. ಪಿಐಕೆ3ಸಿಎ ಕೆಲವು ಸ್ತನ ಕ್ಯಾನ್ಸರುಗಳಲ್ಲೂ ಬದಲಾಗಿರುವ ಜೀನ್. ಅದಕ್ಕೆಂದು ತಯಾರಾದ ಆಲ್ಪೆಲಿಸಿಬ್ ಎಂಬ ಔಷಧಿಯನ್ನು ಪ್ಯಾರಿಸ್‌ನ ನೆಕೇರ್ ಆಸ್ಪತ್ರೆಯ ವೈದ್ಯರು 19 ಜನರಿಗೆ ಕೊಟ್ಟು ಬೆಳವಣಿಗೆ ಕುಗ್ಗಿದ್ದನ್ನು 2018ರಲ್ಲಿ ವರದಿ ಮಾಡಿದರು. ಅಮೆರಿಕದ ಔಷಧ ನಿಯಂತ್ರಕರು 2022ರ ಏಪ್ರಿಲ್‌ನಲ್ಲಿ ತೀವ್ರ ತೊಂದರೆಯಿರುವ, ಎರಡು ವರ್ಷ ಮೇಲ್ಪಟ್ಟವರಿಗೆ ಇದನ್ನು ಒಪ್ಪಿದರು. ಎಲ್ಲರಿಗೂ ಬೇಕಾದ ಔಷಧಿಯಲ್ಲ, ಅಡ್ಡಪರಿಣಾಮಗಳಿವೆ, ತಜ್ಞರ ಕಣ್ಗಾವಲಿನಲ್ಲೇ ನಡೆಯಬೇಕು.

ದಿನದಿನದ ಬದುಕಿಗೆ ಸರಳ ನೆರವುಗಳೂ ಉಂಟು. ಎರಡು ಕಾಲಿನ ಉದ್ದದಲ್ಲಿ ಎರಡು ಸೆಂಟಿಮೀಟರಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಚಪ್ಪಲಿಯ ಅಟ್ಟೆ ಏರಿಸಿದರೆ ಸಾಕಾಗಬಹುದು. ಹೆಚ್ಚಿದ್ದರೆ, ಉದ್ದದ ಕಾಲಿನ ಬೆಳವಣಿಗೆಯನ್ನು ಸರಿಯಾದ ವಯಸ್ಸಿನಲ್ಲಿ ನಿಲ್ಲಿಸುವ ಸಣ್ಣ ಶಸ್ತ್ರಚಿಕಿತ್ಸೆ ಮೂಳೆ ತಜ್ಞರ ಬಳಿ ಇದೆ. ಆ ವಯಸ್ಸು ದಾಟಿದರೆ ಆ ದಾರಿ ಮುಚ್ಚುತ್ತದೆ. ಅದಕ್ಕೇ ಅಳತೆಯ ದಾಖಲೆ ಬೇಕು.

ಯಾರ ತಪ್ಪು?

ಹೆಸರು ಗೊತ್ತಾದ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು, ಮತ್ತು ಎಲ್ಲರ ಕಣ್ಣೂ ಸೊಸೆಯ ಕಡೆ. ಗ್ರಹಣದ ದಿನ ಹೊರಗೆ ಬಂದಿದ್ದಳು, ಬಯಕೆಗೆ ಏನೋ ತಿಂದಳು, ಮಾತ್ರೆ ನುಂಗಿದಳು. ಇವುಗಳಲ್ಲಿ ಒಂದೂ ಕಾರಣವಲ್ಲ. ಸೋಟೋಸ್ ಇರುವ ಮಕ್ಕಳಲ್ಲಿ ಬಹುಪಾಲು ಮಂದಿಯ ಜೀನ್ ಬದಲಾವಣೆ ಹೊಸದಾಗಿ ಹುಟ್ಟಿದ್ದು. ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ. ಅಂಥ ದಂಪತಿಗೆ ಮುಂದಿನ ಮಗುವಿನಲ್ಲಿ ಮತ್ತೆ ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಗರ್ಭ ನಿಂತ ಮೇಲೆ ಆದ ಬದಲಾವಣೆಗಳು ಅಪ್ಪ-ಅಮ್ಮನಿಂದ ಬಂದವೇ ಅಲ್ಲ. ಬೆಕ್‌ವಿತ್‌ನ ಹೆಚ್ಚಿನ ಬಗೆಗಳೂ ಮರುಕಳಿಸುವುದು ಅಪರೂಪ. ಅಮ್ಮನಿಂದ ಸಿಡಿಕೆಎನ್1ಸಿ ಬದಲಾವಣೆ ಬಂದಿದ್ದರೆ ಮಾತ್ರ ಪ್ರತಿ ಗರ್ಭಕ್ಕೂ ಅರ್ಧಕ್ಕರ್ಧ ಸಾಧ್ಯತೆ. ಅದೂ ಅಮ್ಮನ ತಪ್ಪಲ್ಲ, ಅವಳಿಗೆ ಗೊತ್ತೂ ಇರುವುದಿಲ್ಲ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ್ದರಿಂದ ಹೀಗಾಯಿತೇ ಎಂದು ನಮ್ಮ ಕಡೆ ಕೇಳುತ್ತಾರೆ. ಒಳಸಂಬಂಧದ ಮದುವೆಯಿಂದ ಹೆಚ್ಚುವುದು ಬೇರೆ ಜಾತಿಯ ಆನುವಂಶಿಕ ರೋಗಗಳು, ಅಂದರೆ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದಾಗ ಮಾತ್ರ ಕಾಣಿಸಿಕೊಳ್ಳುವಂಥವು. ಇಲ್ಲಿ ಹೇಳಿದ ಸ್ಥಿತಿಗಳು ಆ ಗುಂಪಿನವಲ್ಲ.

ಎಲ್ಲಿಗೆ, ಏನು ತೆಗೆದುಕೊಂಡು?

ಶುರುವಾಗಬೇಕಾದದ್ದು ಮಕ್ಕಳ ಡಾಕ್ಟರ ಬಳಿ. ಬೆಂಗಳೂರಿನ ಪೇಟೆಯವರಿಗೆ ಮಾರ್ಕೆಟ್ ದಾಟಿದರೆ ವಾಣಿವಿಲಾಸ ಆಸ್ಪತ್ರೆ. ಅಲ್ಲಿಂದ ಮುಂದಕ್ಕೆ ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ನೀತಿಯಡಿ ಬೆಂಗಳೂರಿನ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಿರುವುದು ಈ ಸಂಸ್ಥೆಯ ಜೊತೆಗೂಡಿದ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅನ್ನು. ಆ ನೀತಿಯಲ್ಲಿ 50 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವು ಪಟ್ಟಿಯಲ್ಲಿರುವ ರೋಗಗಳಿಗೆ ಮಾತ್ರ; ನಿಮ್ಮ ಮಗುವಿನ ರೋಗ ಅದರಲ್ಲಿದೆಯೇ ಎಂದು ಕೇಂದ್ರದಲ್ಲೇ ವಿಚಾರಿಸಿ. ಕರಾವಳಿಯವರಿಗೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ತಳಿವಿಜ್ಞಾನ ವಿಭಾಗವಿದೆ. ಹಳ್ಳಿಗಳಲ್ಲಿ 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬರುತ್ತದೆ. ಮಗುವನ್ನು ತೋರಿಸಿ, ಜಿಲ್ಲಾ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ಅಪರೂಪದ ರೋಗಗಳ ಸಂಘಟನೆ ಒಆರ್‌ಡಿಐ ಇಂಥ ಕುಟುಂಬಗಳನ್ನು ಒಬ್ಬರಿಗೊಬ್ಬರು ಪರಿಚಯಿಸುವ ಕೆಲಸವನ್ನೂ ಮಾಡುತ್ತದೆ.

ಹೋಗುವ ಮುಂಚೆ ಒಂದು ನೋಟ್‌ಬುಕ್ ಮಾಡಿ. ಮೊದಲ ಪುಟದಲ್ಲಿ ಹುಟ್ಟಿದ ದಿನ, ತೂಕ, ಬಸುರಿನಲ್ಲಿ ಸಕ್ಕರೆ ಇತ್ತೇ, ಹುಟ್ಟಿದ ಮೇಲೆ ಮಗುವನ್ನು ಐಸಿಯುನಲ್ಲಿ ಇಟ್ಟಿದ್ದರೇ. ಎರಡನೆಯ ಪುಟದಲ್ಲಿ ಅಜ್ಜ-ಅಜ್ಜಿಯಿಂದ ಶುರುವಾಗುವ ವಂಶವೃಕ್ಷ, ಅಪ್ಪ-ಅಮ್ಮನ ಎತ್ತರದ ಜೊತೆ. ಮೂರನೆಯದರಲ್ಲಿ ಕತ್ತು ನಿಂತದ್ದು, ಕೂತದ್ದು, ನಡೆದದ್ದು, ಮೊದಲ ಮಾತು ಯಾವ ತಿಂಗಳು ಎಂದು. ಆಮೇಲಿನ ಪುಟಗಳು ಅಳತೆಗೆ. ಮೂರು ತಿಂಗಳಿಗೊಮ್ಮೆ ಉದ್ದ, ತೂಕ, ತಲೆಯ ಸುತ್ತಳತೆ; ಎರಡು ಪಕ್ಕದಲ್ಲಿ ವ್ಯತ್ಯಾಸವಿದ್ದರೆ ಮಂಡಿಯಿಂದ ಒಂದೇ ದೂರದಲ್ಲಿ ಎರಡು ತೊಡೆಯ ಸುತ್ತಳತೆ, ಎರಡು ಪಾದದ ಉದ್ದ. ಹಿಗ್ಗುವ ಪ್ಲಾಸ್ಟಿಕ್ ಟೇಪು ಬೇಡ, ಹಿಗ್ಗದ ಟೇಪೇ ಬೇಕು. ತಾಯಿ ಕಾರ್ಡನ್ನೂ ಹಳೆಯ ರಿಪೋರ್ಟುಗಳನ್ನೂ ಜೊತೆಗಿಡಿ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಉತ್ತರಗಳನ್ನು ಅಲ್ಲೇ ಕೂತು ಬರೆಸಿಕೊಳ್ಳಿ. ಇದು ಯಾವ ಸ್ಥಿತಿ, ಅದರಲ್ಲಿ ಯಾವ ಬಗೆ? ಯಾವ ಪರೀಕ್ಷೆಯನ್ನು ಎಷ್ಟು ತಿಂಗಳಿಗೊಮ್ಮೆ, ಯಾವ ವಯಸ್ಸಿನವರೆಗೆ ಮಾಡಿಸಬೇಕು? ಮುಂದಿನ ಮಗುವಿಗೆ ಬರುವ ಸಾಧ್ಯತೆ ಎಷ್ಟು? ಎರಡನೆಯ ಪ್ರಶ್ನೆಗೆ ಸಿಕ್ಕಿದ ಉತ್ತರವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖು ಹಾಕಿ ಗುರುತಿಸಿ, ಆಸ್ಪತ್ರೆಗೆ ಕರೆದೊಯ್ಯುವುದು ಯಾರು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ‘ಏನೂ ಇಲ್ಲ, ಮನೆತನದ ಎತ್ತರ’ ಎಂದು ವೈದ್ಯರು ಹೇಳಿದರೆ ಹೋದ ದಾರಿ ವ್ಯರ್ಥವಲ್ಲ. ಆ ಮಾತನ್ನೂ ತಾರೀಖಿನ ಸಮೇತ ಬರೆದಿಟ್ಟುಕೊಂಡು, ಮುಂದಿನ ಅಳತೆಯನ್ನು ಮೂರು ತಿಂಗಳಿಗೆ ತಪ್ಪದೆ ತೆಗೆಯಿರಿ.